ಅಧ್ಯಕ್ಷರು ಓದಿದ ಪುಸ್ತಕಗಳು

ಭಾನುವಾರ ಮಧ್ಯಾಹ್ನ ಎರಡು ಗಂಟೆಗೆ ವಕಿಸಾಕಾ ತೋಕುಜಿಯವರ ಇಪ್ಪತ್ತಮೂರನೆಯ ಮತ್ತು ಇಪ್ಪತ್ತನಾಲ್ಕನೆಯ ಹೈಕು ಸಂಕಲನಗಳು ಊರಿನ ಸಮುದಾಯ ಭವನದಲ್ಲಿ ಬಿಡುಗಡೆಯಾದವು. ಒಂದರ ತುಂಬ ಹಿಮ, ಇನ್ನೊಂದರ ತುಂಬ ಜೀರುಂಡೆ. ಹೆಸರು ನೋಡಿದರೆ ಯಾವುದು ಯಾವುದೆಂದು ತಿಳಿಯದು.

ಎಂದಿನಂತೆ ಹೊಗಳುವ ಸರದಿ ಹೈಕು ಸಂಘದ ಅಧ್ಯಕ್ಷ ನಾಗಮಿನೆಯವರದು. ಅವರು ಪುಸ್ತಕ ತೆರೆಯುವುದೇ ಇಲ್ಲ, ಹೊದಿಕೆಗೆ ಸುತ್ತಿದ ಕಾಗದದ ಪಟ್ಟಿಯ ಮೇಲಿನ ಪರಿಚಯ ಓದಿಯೇ ಭಾಷಣ ಮಾಡುತ್ತಾರೆ ಎಂಬುದು ಕವಿಯ ಹಳೆಯ ಗುಮಾನಿ. ಈ ಸಲ ಖಚಿತಪಡಿಸಿಕೊಳ್ಳಲು, ಅವರ ಪ್ರತಿಗಳ ಪಟ್ಟಿಗಳನ್ನು ಅದಲುಬದಲು ಮಾಡಿ, ಅಂಚೆಗೆ ಹಾಕೆಂದು ಹೆಂಡತಿ ಫುಮಿಯೆಗೆ ಕೊಟ್ಟಿದ್ದರು.

ನಾಗಮಿನೆ ಮೊದಲ ಪುಸ್ತಕ ಎತ್ತಿ ಹಿಡಿದರು. "ಆಹಾ, ಏನ್ ಹಿಮ ಸ್ವಾಮಿ! ಈ ಸೆಕೆಯಲ್ಲೂ ಕಾಲುಚೀಲ ಹಾಕ್ಕೊಂಡೆ!" ಎರಡನೆಯದನ್ನು ಎತ್ತಿದರು. "ಇದನ್ನ ಮುಚ್ಚಿಟ್ಟು ಎರಡು ದಿನ ಆಯ್ತು, ಕಿವೀಲಿ ಜೀರುಂಡೆ ಇನ್ನೂ ನಿಂತಿಲ್ಲ!"

ಕವಿಯ ಕಣ್ಣು ತುಂಬಿತು. "ಓದಿದಾರೆ ಕಣೇ! ಪೂರ್ತಿ ಓದಿದಾರೆ!"

ಎರಡನ್ನೂ ಓದಿದ್ದ ಫುಮಿಯೆ, ಗಂಡ ಪಟ್ಟಿ ತಪ್ಪಾಗಿ ಸುತ್ತಿದ್ದಾರೆಂದುಕೊಂಡು ಸರಿಮಾಡಿ ಕಳಿಸಿದ್ದಳು.

"ಹೌದು ರೀ," ಎಂದಳು ಚಹಾ ಬಗ್ಗಿಸುತ್ತ. "ಯಾರೋ ಒಬ್ರಾದ್ರೂ ಓದ್ಬೇಕಲ್ಲ."

ಇಪ್ಪತ್ತೈದನೆಯ ಸಂಕಲನ ನಾಗಮಿನೆಯವರಿಗೆ ಅರ್ಪಣೆಯಾಯಿತು.