ಹುಣಸೇಮರದ ಫೋಟೋ

ಮೇಘಾ ದಿನಾ ಬೆಳಿಗ್ಗೆ ಗೋಕಾಕದಿಂದ ಅರಭಾವಿಗೆ ಬಸ್ಸಿನಲ್ಲಿ ಕೆಲಸಕ್ಕೆ ಹೋಗುತ್ತಾಳೆ. ದಾರಿಯಲ್ಲೊಂದು ಹುಣಸೇಮರದ ಸ್ಟಾಪು. ಎಳೆಬಿಸಿಲಿನಲ್ಲಿ ಆ ಮರ ಎಷ್ಟು ಚಂದವೆಂದರೆ, ಕಿಟಕಿಯಿಂದ ಅವಳು ಅದರ ಫೋಟೋ ತೆಗೆಯದ ದಿನವಿಲ್ಲ. ಮರದ ಪಕ್ಕ ಬಸ್ಸಿಗೆ ಕಾಯುವ ಹೆಂಗಸೊಬ್ಬಳು ಮಾತ್ರ ಪ್ರತಿ ಸಲ ಅದರಲ್ಲಿ ಬಂದುಬಿಡುತ್ತಾಳೆ. ಅದೇನು ದೊಡ್ಡ ಮಾತಲ್ಲ. ಅರಭಾವಿ ಬರುವಷ್ಟರಲ್ಲಿ ಮೇಘಾ ಬೆರಳಾಡಿಸಿ ಅವಳನ್ನು ಅಳಿಸಿ, ಬಣ್ಣ ತಿದ್ದಿ, ಬರೀ ಮರವನ್ನು ಸ್ಟೇಟಸ್ಸಿಗೆ ಹಾಕಿರುತ್ತಾಳೆ. ಮೊದಲಿನ ಫೋಟೋ ಉಳಿಸಿಕೊಳ್ಳುವುದೂ ಇಲ್ಲ.

ನಿನ್ನೆ ಸಂಜೆ ವಾಪಸ್ ಬರುವಾಗ ಆ ಹೆಂಗಸು, ಸುಂದ್ರವ್ವ, ಬಂದು ಪಕ್ಕದಲ್ಲೇ ಕೂತಳು. ಇಳಕಲ್ ಸೀರೆ, ಮುಡಿಯಲ್ಲಿ ಬಾಡಿದ ಸೇವಂತಿಗೆ, ತೊಡೆಯ ಮೇಲೆ ಖಾಲಿ ಬುತ್ತಿಯ ಗಂಟು.

“ದಿನಾ ನನ್ನ ಫೋಟೋ ತಗೀತೀರಲ್ರಿ ಬಾಯಾರ, ನಾ ನೋಡೇನಿ. ಅದಕ್ಕ ಇವತ್ತ ಚಲೋ ಸೀರಿ ಉಟ್ಕೊಂಡು ನಿಂತಿದ್ನಿ. ತೋರಸ್ರಿ ನೋಡೋಣು.”

ಮೇಘಾಳಿಗೆ ಕಿವಿಯವರೆಗೂ ಬಿಸಿಯೇರಿತು. ಚಾರ್ಜ್ ಇಲ್ಲ ಎನ್ನಬಹುದಿತ್ತು; ಆದರೆ ಫೋನು ಕೈಯಲ್ಲೇ ಬೆಳಗುತ್ತಿತ್ತು. ತೋರಿಸಿದಳು.

ಸುಂದ್ರವ್ವ ಬಹಳ ಹೊತ್ತು ನೋಡಿದಳು. ಮರವಿತ್ತು, ಬಿಸಿಲಿತ್ತು. ಅವಸರದಲ್ಲಿ ಮೇಘಾ ಅಳಿಸಲು ಮರೆತ ಉದ್ದನೆಯ ನೆರಳೊಂದು ನೆಲದ ಮೇಲಿತ್ತು. ಸುಂದ್ರವ್ವನ ಬೆರಳು ಅಲ್ಲಿಗೇ ಹೋಗಿ ನಿಂತಿತು.

“ಇದ ನನ್ನ ನೆರಳ ನೋಡ್ರಿ, ಕೈಯಾಗ ಬುತ್ತಿ ಗಂಟ ಸೈತ ಐತಿ,” ಎಂದು ನಕ್ಕಳು. ಆಮೇಲೆ ನಗು ನಿಂತಿತು. “ನಾ ಎಲ್ಲಿ ಹೋದ್ನಿರಿ ಬಾಯಾರ?”