ದಾಟಿಲ್ಲಪ್ಪ

ಗುಂಡಿ ತೋಡುತ್ತಿದ್ದವನು ಹಾರೆಯನ್ನು ಮೇಲಕ್ಕೆ ಎಸೆದು, ಅದರ ಹಿಂದೆಯೇ ತಾನೂ ಹತ್ತಿ ಬಂದ. ಒದ್ದೆ ಅಂಗೈಯನ್ನು ಮೂಗಿಗೆ ಹಿಡಿದು ಮುಖ ಸಿಂಡರಿಸಿದ.

"ಕೆಳಗೆ ನೀರು ಒಸರ್ತಿದೆ. ಡೀಸೆಲ್ ವಾಸನೆ ಹೊಡೀತಿದೆ," ಎಂದ.

ಹೆಣದ ಪೆಟ್ಟಿಗೆಯ ಸುತ್ತ ನಿಂತಿದ್ದವರು ಮುಖ ಮುಖ ನೋಡಿಕೊಂಡರು. ಬೇರೆ ಯಾರ ಹೆಣವಾಗಿದ್ದರೂ ಇಷ್ಟು ಮುಜುಗರವಾಗುತ್ತಿರಲಿಲ್ಲ. ಪೆಟ್ಟಿಗೆಯೊಳಗಿದ್ದವನು ರಸ್ತೆಯಾಚೆಯ ಹಳೇ ಎಣ್ಣೆ ಡಿಪೋದಲ್ಲಿ ಅಂತರ್ಜಲ ಅಳೆಯುತ್ತಿದ್ದವನು. ನೆಲದಡಿಯ ಟ್ಯಾಂಕು ತುಕ್ಕು ಹಿಡಿದು ಸೋರಿ ಡಿಪೋ ಮುಚ್ಚಿದ ಮೇಲೆ, ಸೋರಿದ ಡೀಸೆಲ್ ಎಲ್ಲಿಯವರೆಗೆ ಹರಿದಿದೆ ಎಂದು ನೋಡಲು ಕಂಪನಿ ಅವನನ್ನು ಇಟ್ಟುಕೊಂಡಿತ್ತು. ಸ್ಮಶಾನವೂ ಅವನ ಬೀದಿಯೂ ರಸ್ತೆಯ ಈಚೆಗಿದ್ದವು. ಬೀದಿಗೆಲ್ಲ ಒಂದೇ ಬೋರ್‌ವೆಲ್ಲು. ಹಾಗಾಗಿ ಸಂಜೆ ಅವನ ಸ್ಕೂಟರಿನ ಸದ್ದಿಗೆ ಕಾದಿದ್ದು, "ಏನಣ್ಣಾ, ರಸ್ತೆ ದಾಟ್ತಾ?" ಎಂದು ಕೇಳುವುದು ಎಲ್ಲರಿಗೂ ರೂಢಿಯಾಗಿತ್ತು. "ದಾಟಿಲ್ಲಪ್ಪ," ಎಂದು ಅವನು ಗಾಡಿ ನಿಲ್ಲಿಸದೆಯೇ ಹೇಳುವನು. ಹೇಳಿ ಹೇಳಿ ಅದೇ ಅವನ ಹೆಸರಾಗಿ ಹೋಯಿತು. ಹೆತ್ತವರಿಟ್ಟ ಹೆಸರು ಹೆಂಡತಿಯನ್ನು ಬಿಟ್ಟರೆ ಅಂಚೆಯವನೊಬ್ಬನಿಗೆ ಗೊತ್ತಿತ್ತು.

"ನಿನ್ನ ಪಂಪೇ ಸೋರ್ತಿರ್ಬೇಕು ನೋಡಯ್ಯ," ಎಂದ ಬೀದಿ ತುದಿಯ ದರ್ಜಿ. ಗುಂಡಿಯ ಅಂಚಿನಲ್ಲಿ ನೀರೆತ್ತುವ ಡೀಸೆಲ್ ಪಂಪು ಮೈಯೆಲ್ಲ ಜಿಡ್ಡು ಮಾಡಿಕೊಂಡು ಕೂತಿತ್ತು.

"ಇರಬಹುದು," ಎಂದ ತೋಡುವವನು. ಅವನಿಗೆ ಕೆಲಸ ಮುಗಿದರೆ ಸಾಕಾಗಿತ್ತು.

"ಇರಬಹುದು ಏನು, ಅದೇ!" ಪಕ್ಕದ ಮನೆಯಾಕೆ ದನಿ ಏರಿಸಿದಳು. "ಅಣ್ಣ ದಾಟಿಲ್ಲ ಅಂದ್ಮೇಲೆ ದಾಟಿಲ್ಲ. ಮಣ್ಣಾಗೋಕೆ ಮುಂಚೆಯೇ ಅವನ ಮಾತಿಗೆ ಅನುಮಾನ ಪಡ್ತೀರಲ್ಲ, ನಾಚಿಕೆ ಆಗಲ್ವಾ?"

ಪೆಟ್ಟಿಗೆಯೊಳಗಿದ್ದವನೊಬ್ಬನನ್ನು ಬಿಟ್ಟು ಎಲ್ಲರಿಗೂ ಹೋದ ಜೀವ ಬಂದಂತಾಯಿತು. ಅಪವಾದವನ್ನು ಪಂಪಿನ ತಲೆಗೆ ಕಟ್ಟಿ, ಅದೇ ಪಂಪಿನಿಂದ ನೀರೆತ್ತಿ, ಪೆಟ್ಟಿಗೆ ಇಳಿಸಿದರು. ಅವನ ಹೆಂಡತಿ ಮಾತ್ರ ಸೆರಗನ್ನು ಮೂಗಿಗೊತ್ತಿಕೊಂಡು ನಿಂತಿದ್ದಳು. ಅಳುತ್ತಿದ್ದಾಳೆ ಎಂದು ನೋಡಿದವರು ಅಂದುಕೊಂಡರು.

*

ಕಳೆದ ಬೇಸಿಗೆಯ ಒಂದು ಸಂಜೆ ಅವನು ಸ್ಕೂಟರಿನಲ್ಲಿ ಕಾಲ ಬಳಿ ನೀರಿನ ಕ್ಯಾನು ಇಟ್ಟುಕೊಂಡು, ಅದರ ಮೇಲೆ ಗೋಣಿ ಮುಚ್ಚಿ ತಂದಿದ್ದ.

"ಇದೇನ್ರೀ?" ಎಂದಳು ಹೆಂಡತಿ.

"ಪೇಟೆ ನಲ್ಲಿ ನೀರು. ಇನ್ಮೇಲೆ ಕುಡಿಯೋಕೆ, ಅಡುಗೆಗೆ ಎಲ್ಲಾ ಇದೇ."

"ಬೋರಿನ ನೀರಿಗೇನು ಬಂತು?"

"ಗಡಸು. ಟೀ ಕೆಡುತ್ತೆ."

ಸಕ್ಕರೆ ಹಾಕಲು ಮರೆತರೂ ಗೊತ್ತಾಗದೆ ಕುಡಿದು ಮುಗಿಸುವ ಗಂಡಸು ಟೀ ರುಚಿಯ ಮಾತಾಡಿದ್ದು ಕೇಳಿ ಅವಳಿಗೆ ನಗು ಬಂತು. ಅವನು ನಗಲಿಲ್ಲ. ಅಡುಗೆಮನೆಯ ಹೊಸ್ತಿಲ ಮೇಲೆ ಕೂತು ಶೂ ಬಿಚ್ಚಿದ. ಡಿಪೋದ ಅಂಗಳದಲ್ಲಿ ಅಲ್ಲಲ್ಲಿ ನೆಲಕ್ಕಿಳಿಸಿದ ಪೈಪುಗಳೊಳಗೆ ಅವನು ಅಳತೆಯ ಟೇಪು ಬಿಡುತ್ತಿದ್ದ. ಅದರ ತುದಿಯ ಯಂತ್ರ ನೀರು ಮುಟ್ಟಿದರೆ ಬಿಟ್ಟು ಬಿಟ್ಟು ಕೂಗುತ್ತದೆ, ಎಣ್ಣೆ ಮುಟ್ಟಿದರೆ ಒಂದೇ ಸಮನೆ ಕೂಗುತ್ತದೆ ಎಂಬುದು ಅವಳಿಗೂ ಗೊತ್ತಿತ್ತು.

"ರಸ್ತೆ ಪಕ್ಕದ ಪೈಪು ಒಂದೇ ಸಮ ಕೂಗ್ತಿದೆ ಕಣೇ."

"ಅಯ್ಯೋ! ದಾಟಿಬಿಡ್ತಾ ಹಾಗಾದ್ರೆ?"

"ಈಚೆ ಕಡೆ ಪೈಪೇ ಇಲ್ವಲ್ಲ. ಹಾಕ್ಸಿ ಅಂತ ಹೇಳಿ ಹೇಳಿ ಸಾಕಾಯ್ತು, ಕಂಪನಿಯವರು ಹಾಕ್ಸಲ್ಲ. ಅಳೀದೆ ದಾಟಿದೆ ಅಂತ ಹೇಗೆ ಹೇಳ್ಲಿ?"

"ಅಳೀದೆ ದಾಟಿಲ್ಲ ಅಂತ ಹೇಳ್ತಿದ್ದೀರಲ್ಲ?"

ಅವನು ಗೋಣಿಯನ್ನು ನಾಲ್ಕು ಮಡಿಕೆ ಮಡಿಸಿದ, ಬಿಚ್ಚಿ ಮತ್ತೆ ಮಡಿಸಿದ. ಅವಳು ಕೆದಕಲು ಹೋಗಲಿಲ್ಲ. ಒಲೆ ಹಚ್ಚಿ ಇಬ್ಬರಿಗೂ ಟೀ ಮಾಡಿದಳು. ಟೀ ನಿಜಕ್ಕೂ ಚೆನ್ನಾಗಿತ್ತು.

*

ಮಣ್ಣು ಮಾಡಿ ಬಂದವರು ಅವಳ ಮನೆಯಂಗಳದಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು. ಪಕ್ಕದ ಮನೆಯಾಕೆ ತನ್ನ ಮನೆಯಲ್ಲೇ ದೊಡ್ಡ ಕೆಟಲಿನ ತುಂಬ ಟೀ ಮಾಡಿ ತಂದಳು. ತುಂಬು ಬಸುರಿ ಮಗಳು ಲೋಟಗಳನ್ನು ಹಿಡಿದು ಹಿಂದೆಯೇ ಬಂದಳು.

"ಬೋರಿನ ನೀರಲ್ಲೇ ಮಾಡಿದೀನಿ," ಎಂದು ಆಕೆ ಎಲ್ಲರಿಗೂ ಕೇಳುವಂತೆ ಹೇಳಿದಳು. "ಯಾರಿಗಾದ್ರೂ ಅನುಮಾನ ಇದ್ರೆ ಕುಡೀಬೇಡಿ. ಅತ್ತಿಗೆ, ಮೊದಲು ನೀವು ತಗೊಳ್ಳಿ."

"ಅವನೊಬ್ಬ ಇದ್ದ ಅಂತ ನಾವೆಲ್ಲ ನಿಶ್ಚಿಂತೆಯಾಗಿದ್ವಿ," ಎಂದ ದರ್ಜಿ. ಆದರೂ ಅವನು ತನ್ನ ಲೋಟವನ್ನು ಬಾಯಿಗಿಡಲಿಲ್ಲ. ಎಲ್ಲರ ಕಣ್ಣೂ ಅವಳ ಲೋಟದ ಮೇಲಿತ್ತು.

ಒಂದು ಗುಟುಕು ಕುಡಿದರೆ ಆಯಿತು. ಅವನ ಹೆಸರು ಹೇಗಿತ್ತೋ ಹಾಗೆಯೇ ಉಳಿಯುತ್ತದೆ. ಕಳ್ಳನಲ್ಲ, ಕುಡುಕನಲ್ಲ, ಒಂದು ದಿನವೂ ಅವಳ ಮೇಲೆ ಕೈ ಎತ್ತಿದವನಲ್ಲ. ತಾನು ಆಡಬೇಕಾಗಿದ್ದ ಒಂದು ಮಾತನ್ನು ನನ್ನ ಕೊರಳಿಗೆ ಕಟ್ಟಿ, ತಾನು ಹಾಯಾಗಿ ಹೋಗಿ ಮಲಗಿದನಲ್ಲ ಎಂದು ಅವಳಿಗೆ ಗಂಡನ ಮೇಲೆ ಕೆಟ್ಟ ಕೋಪ ಬಂತು. ಬೆಳಗಿನಿಂದ ಬಾರದ ಅಳು ಆಗ ಬಂತು.

"ಅಳಬೇಡಿ ಅತ್ತೆ," ಎಂದು ಬಸುರಿ ಹುಡುಗಿ ಪಕ್ಕದಲ್ಲಿ ಬಂದು ಕೂತಳು. "ನೀವು ಕುಡೀರಿ, ನಾನೂ ಕುಡೀತೀನಿ." ಹೇಳಿ ಲೋಟ ತುಟಿಗೆತ್ತಿದಳು.

ಸತ್ತವನ ಹೆಂಡತಿಯ ಕೈ ತಾನಾಗಿ ಮುಂದೆ ಹೋಗಿ ಆ ಲೋಟವನ್ನು ಕಸಿದುಕೊಂಡಿತು. ಬಿಸಿ ಟೀ ಇಬ್ಬರ ಕೈ ಮೇಲೂ ಚೆಲ್ಲಿತು.

"ಬೇಡ ಮಗಾ."

"ಯಾಕತ್ತೆ?"

"ನಮ್ಮನೇಲಿ ಈ ನೀರು ಬಾಯಿಗಿಟ್ಟು ವರ್ಷವಾಯ್ತು." ಅವಳು ಹುಡುಗಿಯ ತಾಯಿಯ ಕಡೆ ತಿರುಗಿದಳು. "ನಿಮ್ಮಣ್ಣನೇ ಪೇಟೆಯಿಂದ ತಂದು ಹಾಕ್ತಿದ್ರು."

ದರ್ಜಿ ತನ್ನ ಲೋಟವನ್ನು ಮೆಲ್ಲಗೆ ನೆಲದ ಮೇಲಿಟ್ಟ. ಪಕ್ಕದ ಮನೆಯಾಕೆ ಅವಳನ್ನು ನೋಡಿದಳು, ಮಗಳ ಹೊಟ್ಟೆ ನೋಡಿದಳು. ಆಮೇಲೆ ಕೆಟಲನ್ನು ಎತ್ತಿಕೊಂಡು ಬೀದಿಯ ಚರಂಡಿಯವರೆಗೆ ನಡೆದು ಅದನ್ನು ಬಗ್ಗಿಸಿದಳು. ಇಡೀ ಬೀದಿಗೆಂದು ಮಾಡಿದ್ದ ಟೀ ಬೇಗ ಖಾಲಿಯಾಗಲಿಲ್ಲ. ಅದರ ಹಬೆ ಮುಖಕ್ಕೆ ಹೊಡೆಯುತ್ತಿದ್ದರೂ ಆಕೆ ಎಲ್ಲರಿಗೂ ಬೆನ್ನು ಮಾಡಿ, ಕೊನೆಯ ಹನಿ ಬೀಳುವವರೆಗೆ ಹಾಗೇ ನಿಂತಿದ್ದಳು.