ಕೈ ಮಾಡಿದವರ ಊರು

"ಎತ್ತಾಗ ಹೊಳ್ಳಸ್ಲಿಬೇ? ಲಗೂನ ಹೇಳು, ಹಿಂದ ಕಬ್ಬಿನ ಟ್ರ್ಯಾಕ್ಟರ್ ಬಂದು ನಿಂತಾವು" ಎಂದು ಪರಮೇಶ ತನ್ನ ಟಂಟಂ ಆಟೋವನ್ನು ಅಂಚಿಗೆ ಒತ್ತಿ ನಿಲ್ಲಿಸಿ ಹಿಂದಕ್ಕೆ ತಿರುಗಿದ.

ಜಮಖಂಡಿ ದಾಟಿ ರಸ್ತೆ ಕವಲೊಡೆದಿತ್ತು. ಒಂದು ಮುಧೋಳದ ಕಡೆಗೆ, ಇನ್ನೊಂದು ಹುನ್ನೂರ ಹಾಯ್ದು ಕೃಷ್ಣಾ ನದಿಯ ಕಡೆಗೆ. ಸ್ನೇಹಾ ಎರಡನ್ನೂ ನೋಡಿದಳು. ಎರಡೂ ಒಂದೇ ತರಹದ ಡಾಂಬರು, ಎರಡರ ಮೇಲೂ ಒಂದೇ ತರಹದ ಡಿಸೆಂಬರ್ ಬಿಸಿಲು. ಯಾವುದೂ ಅವಳನ್ನು ಕರೆಯಲಿಲ್ಲ.

"ಸ್ವಲ್ಪ ನಿಂದ್ರು ಮಾಮಾ."

"ನಿಂದ್ರತೇನಿ. ಆದ್ರ ಮುಧೋಳದ ಕಡಿ ಹೋಗೂದಿದ್ರ ಮೊದಲ ಹೇಳಿಬಿಡು. ತಿಮ್ಮಾಪುರದಾಗ ಹೆಸರಾದ ಬೇಟಿ ನಾಯಿ ಸಾಕತಾರಲ್ಲ, ಅವನ್ನ ನೋಡ್ಕೊಂಡು ಬರೂಣು. ಮಂದಿ ಯಾರೂ ಕೇಳ್ಲಿಲ್ಲಂದ್ರ ಅವಕ್ಕರ ಯೇಸುನ ಸುವಾರ್ತಿ ಹೇಳಬೇ."

ಪಕ್ಕದಲ್ಲಿ ಕೂತಿದ್ದ ಕಸ್ತೂರೆವ್ವ ಗಂಡನ ಮಾತಿಗೆ ನಗಲಿಲ್ಲ. ಸೆರಗನ್ನು ಕಿವಿಯ ಮೇಲೆ ಎಳೆದುಕೊಂಡು, "ನಿನ್ನೆ ಸಭಿ ಒಳಗ ಎದ್ದು ನಿಲ್ಲುವಾಗ ಊರ ಹೆಸರು ಕೇಳ್ಕೊಂಡು ನಿಲ್ಲಬೇಕಿತ್ತು" ಎಂದಳು.

ಅತ್ತೆ ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಬನಹಟ್ಟಿಯ ಆ ತಗಡಿನ ಛಾವಣಿಯ ಪ್ರಾರ್ಥನಾ ಮನೆಯಲ್ಲಿ ಸ್ನೇಹಾ ಇಪ್ಪತ್ತಮೂರು ವರ್ಷ ಬಾಯಿ ಬಿಚ್ಚದೆ ಹಿಂದಿನ ಚಾಪೆಯ ಮೇಲೆ ಕೂತವಳು. ನಿನ್ನೆ ಭಾನುವಾರ ಪಾದ್ರಿ ಅಯ್ಯನವರು ಪ್ರಸಂಗ ಮುಗಿಸಿ ಬೆವರು ಒರೆಸಿಕೊಳ್ಳುವ ಹೊತ್ತಿಗೆ, ಯಾರೋ ಹಿಂದಿನಿಂದ ಎತ್ತಿ ನಿಲ್ಲಿಸಿದ ಹಾಗೆ ಎದ್ದು ನಿಂತು, "ನಾಳೆ ಮಗ್ಗಕ್ಕ ಸೂಟಿ ಐತ್ರಿ. ನಾ ಸುವಾರ್ತಿ ಹೇಳಾಕ ಹೊಂಟೇನಿ. ದೇವ್ರು ಹೋಗಂದಾನ" ಎಂದುಬಿಟ್ಟಿದ್ದಳು. ಎಲ್ಲಿಗೆ ಎಂದು ಅಯ್ಯನವರು ಕೇಳಿದರೆ ಅವಳಿಗೇ ಗೊತ್ತಿರಲಿಲ್ಲ. ಮುಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಅಯ್ಯನವರು ಮಾತ್ರ ನಗದೆ, "ಹೋಗಿ ಬಾ. ಮುಂದಿನ ವಾರ ಸಾಕ್ಷಿ ನಿಂದು" ಎಂದರು. ಸಾಕ್ಷಿ ಎಂದರೆ ದೇವರು ತನಗೇನು ಮಾಡಿದ ಎಂಬುದನ್ನು ಎಲ್ಲರೆದುರು ನಿಂತು ಹೇಳುವುದು. ಹೇಳಲು ಏನೂ ಇಲ್ಲದೆ ನಿಂತರೆ?

ನಗೆಪಾಟಲಾಗುವುದಕ್ಕಿಂತ ದೊಡ್ಡ ಅಂಜಿಕೆ ಅವಳ ಎದೆಯಲ್ಲಿ ಬೇರೆಯೇ ಇತ್ತು. ಹೋದ ವರ್ಷ ತೀರಿಕೊಂಡ ಅವಳ ಅಜ್ಜಿ ಎಸ್ತೇರವ್ವ, ದಿನಾ ಸಂಜೆ ನೂಲಿನ ಕಂಡಿಕೆ ಸುತ್ತುತ್ತ ಕತೆ ಹೇಳುತ್ತಿದ್ದಳು. ಅಜ್ಜಿಯ ತಾಯಿ ಗುಳೇದಗುಡ್ಡದಿಂದ ಬರೀ ಒಂದು ಕೊಡೆ ಹಿಡಿದು ಸುವಾರ್ತೆ ಹೇಳುತ್ತ ಊರೂರು ನಡೆದವಳಂತೆ. ರೊಟ್ಟಿ ಕಟ್ಟಿಕೊಳ್ಳುತ್ತಿರಲಿಲ್ಲವಂತೆ. ದಾರಿ ಕವಲೊಡೆದಲ್ಲಿ ಕೊಡೆ ಊರಿ ನಿಲ್ಲುತ್ತಿದ್ದಳಂತೆ. ಮೊದಲು ಯಾರು ಕೈ ಮಾಡಿ ಕರೆದರೋ ಅವರ ಊರೇ ಅವತ್ತಿನ ಊರು. ಒಮ್ಮೆಯೂ ಹಸಿದು ಮಲಗಲಿಲ್ಲವಂತೆ. ಈಗ ಈ ಕವಲಿನಲ್ಲಿ ಯಾರೂ ಕೈ ಮಾಡದಿದ್ದರೆ, ತನ್ನನ್ನು ಎಬ್ಬಿಸಿ ನಿಲ್ಲಿಸಿದ್ದು ದೇವರೋ, ಕಿವಿಯಲ್ಲಿ ಉಳಿದ ಅಜ್ಜಿಯ ಕತೆಯೋ? ಆ ಕತೆಗಳಾದರೂ ಖರೆಯೋ?

ಕಬ್ಬಿನ ಟ್ರ್ಯಾಕ್ಟರುಗಳು ಒಂದೊಂದಾಗಿ ಮುಂದೆ ಹೋದವು. ಅವುಗಳ ಧೂಳು ಇಳಿಯುವಾಗ ಆಚೆ ಬದಿಯ ಬೇವಿನ ಮರದ ಕೆಳಗೆ ಒಬ್ಬ ಮುದುಕಿ ಕಂಡಳು. ಕಣ್ಣಿಗೆ ದೊಡ್ಡ ಕರಿ ಕನ್ನಡಕ, ಕಂಕುಳಲ್ಲಿ ಒಂದು ಗಂಟು. ಟಂಟಂನ ಸದ್ದು ಬಂದ ಕಡೆಗೆ ಅಂದಾಜಿನಲ್ಲಿ ಮುಖ ಮಾಡಿ, ಕೈ ಎತ್ತಿದಳು.

"ಹುನ್ನೂರಿಗೆ ಹೊಂಟೀರೇನ್ರಪಾ?"

"ಹೂಂನ್ರೀ ಅಮ್ಮಾ" ಎಂದಳು ಸ್ನೇಹಾ, ಪರಮೇಶ ಬಾಯಿ ತೆರೆಯುವ ಮೊದಲೇ. "ಹುನ್ನೂರಿಗೇ ಹೊಂಟೇವಿ."

ಮುದುಕಿಯ ಹೆಸರು ಸಿದ್ದಕ್ಕ. ಕಣ್ಣಿನ ಪೊರೆ ತೆಗೆಸಿಕೊಂಡು ನಾಲ್ಕು ದಿನವಾಗಿತ್ತು. ತೋರಿಸಿಕೊಂಡು ಬರಲು ಜಮಖಂಡಿಗೆ ಹೋಗಿದ್ದಳು. ಬಸ್ಸು ತಪ್ಪಿತ್ತು. ಮಗ ಸೊಸೆ ಕುರಿ ಹೊಡೆದುಕೊಂಡು ಚಿಕ್ಕಪಡಸಲಗಿಯ ಕಡೆ ಹೊಲಗಳಲ್ಲಿ ಗೊಬ್ಬರಕ್ಕೆ ಹಿಂಡು ನಿಲ್ಲಿಸಲು ಹೋಗಿದ್ದಾರೆ, ಬರುವುದು ಮುಂದಿನ ವಾರ. ಇಷ್ಟನ್ನೂ ಅವಳು ಟಂಟಂ ಎರಡು ಫರ್ಲಾಂಗು ಹೋಗುವುದರೊಳಗೆ ಹೇಳಿ ಮುಗಿಸಿದಳು. ಆಮೇಲೆ, "ನೀವು ಯಾರ ಮನಿಗೆ?" ಎಂದಳು.

ಪರಮೇಶ ಕನ್ನಡಿಯಲ್ಲಿ ಸ್ನೇಹಾಳನ್ನು ನೋಡಿ, "ನಿಮ್ಮ ಮನಿಗೇರಿ ಅಮ್ಮಾ" ಎಂದ. ಹೇಳಿದ್ದು ಚೇಷ್ಟೆಗೆ. ಸಿದ್ದಕ್ಕ ಅದನ್ನು ನೆಟ್ಟಗೇ ತಗೊಂಡಳು. "ಹಂಗಾರ ರೊಟ್ಟಿ ಬಡದೇನಿ, ಉಂಡು ಹೋಗ್ರಿ."

ಊರ ಮುಂದಿನ ಕಟ್ಟೆಯ ಬಳಿ ಮೋಟರ್ ಸೈಕಲ್ ಮೇಲೆ ಕೂತಿದ್ದ ಲಗಮಣ್ಣ ಎಂಬಾತ ಗಾಡಿಯನ್ನು ತಡೆದು, ಸ್ನೇಹಾಳ ಮಡಿಲಲ್ಲಿದ್ದ ಕರಿ ರಟ್ಟಿನ ಪುಸ್ತಕ ನೋಡಿ, "ಏನು, ಜಾತಿ ಕೆಡಸಾಕ ಬಂದೀರೇನು?" ಎಂದ.

"ನನ್ನ ಮನಿಗೆ ಮುಟ್ಟಸಾಕ ಬಂದಾರೋ ಲಗಮ್ಯಾ" ಎಂದು ಸಿದ್ದಕ್ಕ ಒಳಗಿನಿಂದಲೇ ಕೂಗಿದಳು. "ಮುಂಜಾನಿ ಆರಕ್ಕ ಜಮಖಂಡಿಗೆ ಬಿಡು ಅಂತ ನಿನ್ನ ಬಾಗಲಾ ಬಡದೆ. ಮೋಟರ್ ಸೈಕಲ್ ಪಂಚರ್ ಅಂದಿ. ಈಗ ಅದರ ಮ್ಯಾಲ ಕುಂತ ಎಲಿ ಅಡಕಿ ಹಾಕ್ಕೊಳ್ಳಾಕತ್ತಿ ಏನು? ಕನ್ನಡಕ ಹಾಕೇನಿ ಖರೆ, ಕಾಣತೈತಿ ನನಗ."

ಲಗಮಣ್ಣ ಮೋಟರ್ ಸೈಕಲ್‌ನಿಂದ ಇಳಿದು ದಾರಿ ಬಿಟ್ಟ.

ಮನೆಯ ಪಡಸಾಲೆ ತುಂಬ ಉಣ್ಣೆಯ ವಾಸನೆ. ನೆಲ ತೋಡಿ ಹೂಡಿದ ಕುಣಿಮಗ್ಗದ ದಂಡೆಯಲ್ಲಿ ಸಿದ್ದಕ್ಕನ ಗಂಡ ಗಿರಮಲ್ಲಪ್ಪ, ಬಲಗೈಗೆ ಮೊಣಕೈವರೆಗೂ ಬಿಳಿ ಪಟ್ಟಿ ಹಾಕಿಸಿಕೊಂಡು, ಸುಮ್ಮನೆ ಕೂತಿದ್ದ. ಹಿಂದಿನ ವಾರ ಹಟ್ಟಿಯಲ್ಲಿ ಜಾರಿ ಬಿದ್ದದ್ದು. ನೀರು ಕುಡಿದು, ಯಾರು ಎತ್ತ ಎಂಬುದೆಲ್ಲ ಆದ ಮೇಲೆ ಸ್ನೇಹಾ ಧೈರ್ಯ ಮಾಡಿದಳು. ಇದಕ್ಕೇ ಅಲ್ಲವೇ ಬಂದದ್ದು.

"ಅಜ್ಜಾ, ನಿಮ್ಮ ಕೈ ಸಲುವಾಗಿ ಪ್ರಾರ್ಥನಿ ಮಾಡ್ಲೇನ್ರಿ?"

"ಕೈಗೆ ಡಾಕ್ಟ್ರು ಅದಾರಬೇ ತಂಗಿ. ಇಪ್ಪತ್ತು ದಿನಕ್ಕ ಬಿಚ್ಚತೇನಿ ಅಂದಾರ." ಮುದುಕ ಎಡಗೈಯಿಂದ ಮಗ್ಗ ತೋರಿಸಿದ. "ಇದಕ್ಕೇನರ ಮಾಡಾಕ ಬರತೈತೇನು, ನೋಡು."

ಮಗ್ಗದಲ್ಲಿ ಹಳೆಯ ಹಾಸಿನ ಉದ್ದೆಳೆಗಳ ತುದಿಗಳು ಗೇಣುದ್ದ ಉಳಿದಿದ್ದವು. ಹೊಸ ಹಾಸು, ಹುಣಸೆಬೀಜದ ಗಂಜಿ ಬಳಿದು ಒಣಗಿಸಿದ ಕರಿ ಉಣ್ಣೆ, ಎದುರಿಗೆ ಚಾಚಿಕೊಂಡಿತ್ತು. ಒಂದೊಂದು ಹಳೆ ಎಳೆಗೆ ಒಂದೊಂದು ಹೊಸ ಎಳೆ ಕೂಡಿಸದೆ ನೇಯ್ಗೆ ಸುರುವಾಗದು. ಅವನಿಗೆ ಕೈಯಿಲ್ಲ, ಸಿದ್ದಕ್ಕನಿಗೆ ಎಳೆ ಕಾಣುವಷ್ಟು ಕಣ್ಣಿಲ್ಲ. ಕೂಡಿಸಿಟ್ಟರೆ ಮಗ ಬಂದು ಎರಡು ದಿನಕ್ಕೆ ನೇಯುತ್ತಾನೆ.

ಸ್ನೇಹಾಗೆ ನಗು ಬಂತು. ಬನಹಟ್ಟಿಯಲ್ಲಿ ಅವಳ ಹೊಟ್ಟೆಪಾಡು ಅದೇ. ದಿನಕ್ಕೆ ಮೂರು ಸಾವಿರ ಎಳೆ ಕೂಡಿಸುವವಳು. ಸೆರಗು ಸಿಕ್ಕಿಸಿ ಮಗ್ಗದ ಮುಂದೆ ಕೂರಲು ಹೋದಾಗ ಗಿರಮಲ್ಲಪ್ಪನೇ ತಡೆದ.

"ತಡಿಬೇ. ಇದು ಮಾರೂ ಕಂಬಳಿ ಅಲ್ಲ. ಬೀರಪ್ಪಗ ಬೇಡ್ಕೊಂಡದ್ದು, ಈಕಿ ಕಣ್ಣು ಛಲೋ ಆಗ್ಲಿ ಅಂತ. ಗುಡಿ ಒಳಗ ಹಾಸೂದು. ಮುಚ್ಚಿಟ್ಟು ನಿನ್ನ ಕಡಿಂದ ಮಾಡಸಬಾರದು."

ಕಸ್ತೂರೆವ್ವ ತಟ್ಟನೆ ಎದ್ದಳು. ಸ್ನೇಹಾಳ ತೋಳು ಹಿಡಿದು ಬಾಗಿಲ ಹೊರಗೆ ಕರೆದೊಯ್ದು, "ನಡಿ. ರೊಟ್ಟಿನೂ ಬ್ಯಾಡ, ಏನೂ ಬ್ಯಾಡ. ಭಾನುವಾರ ನಿಂತು ಏನಂತ ಹೇಳ್ತಿ? ಬೀರಪ್ಪನ ಕಂಬಳಿಗೆ ಎಳಿ ಕೂಡಿಸಿ ಬಂದೆ ಅಂತಿ?" ಎಂದಳು.

ಸ್ನೇಹಾ ಅಂಗಳದಲ್ಲಿ ನಿಂತಳು. ಅಜ್ಜಿಯ ಕತೆಗಳಲ್ಲಿ ಹೀಗೆಂದೂ ಆಗಿರಲಿಲ್ಲ. ಕೊಡೆ ಹಿಡಿದ ಆ ಮುತ್ತಜ್ಜಿಯನ್ನು ಯಾರೂ ಇಂಥದ್ದು ಕೇಳಿರಲಿಲ್ಲ; ಅಥವಾ ಕೇಳಿದ್ದನ್ನು ಅಜ್ಜಿ ಹೇಳಿರಲಿಲ್ಲ. ಒಳಗೆ ಸಿದ್ದಕ್ಕ ಎಳೆಗಳ ಮೇಲೆ ಬೆರಳಾಡಿಸುತ್ತ, ಕಾಣದ್ದನ್ನು ಎಣಿಸಲು ನೋಡುತ್ತಿದ್ದಳು.

"ಕೈ ಮಾಡಿ ಕರದಾಕಿ ಈಕಿನ ಅತ್ತಿ" ಎಂದಳು ಸ್ನೇಹಾ ಮೆಲ್ಲಗೆ. ಒಳಗೆ ಹೋಗಿ ಕೂತಳು.

"ನಿಮ್ಮ ದೇವ್ರು ಸಿಟ್ಟಾಗಂಗಿಲ್ಲೇನು?" ಎಂದ ಮುದುಕ.

"ಗೊತ್ತಿಲ್ರಿ. ನಿಮ್ಮ ದೇವ್ರು?"

"ಬೀರಪ್ಪ ಕುರಿ ಕಾದಾಂವ. ಎಳಿ ಕೂಡಸೂ ಕೈ ಯಾರದಂತ ಕೇಳಲಿಕ್ಕಿಲ್ಲ."

ಮೊದಲ ಹತ್ತು ಎಳೆಗಳನ್ನು ಅವಳು ಸೀರೆಯ ಎಳೆಯ ಹಾಗೆ, ಬೆರಳ ತುದಿಗೆ ಬೂದಿ ಹಚ್ಚಿಕೊಂಡು, ಬರೀ ಹೊಸೆದು ಬಿಟ್ಟಳು. ಗಿರಮಲ್ಲಪ್ಪ ಹಾಸನ್ನು ಒಮ್ಮೆ ಜಗ್ಗಿದ. ಹತ್ತೂ ಬಿಚ್ಚಿಕೊಂಡವು. ಮುದುಕ ಹೊಟ್ಟೆ ಕುಣಿಸಿ ನಕ್ಕ. "ರೇಶ್ಮಿ ಅಲ್ಲಬೇ ಇದು, ಕುರಿ! ಕುರಿ ಅಂದ್ರ ಕಟ್ಟೇ ಹಾಕಬೇಕು." ಎಡಗೈಯ ಎರಡು ಬೆರಳಲ್ಲೇ ಗಂಟಿನ ದಾರಿ ತೋರಿಸಿದ. ನಾಲ್ಕನೆಯದಕ್ಕೆ ಅದು ಅವಳ ಕೈಗೆ ಹತ್ತಿತು.

"ನಮ್ಮ ದೇವ್ರೂ ಕುರಿ ಕಾಯಾಂವನರಿ ಅಜ್ಜಾ" ಎಂದಳು ಸ್ನೇಹಾ, ಗಂಟು ಹಾಕುತ್ತಲೇ. ಪ್ರಸಂಗ ಮಾಡಬೇಕೆಂದಲ್ಲ, ಕೈ ಓಡುವಾಗ ಬಾಯಿಗೆ ಕತೆ ಬರುವುದು ಅಜ್ಜಿಯಿಂದ ಬಂದ ರೂಢಿ.

"ಹೌದಾ? ಎಷ್ಟು ಕುರಿ?"

"ನೂರು. ಒಂದಿನ ಒಂದು ಕುರಿ ತಪ್ಪಿಸ್ಕೊಂತು. ತೊಂಬತ್ತೊಂಬತ್ತು ಅಡವಿಯಾಗ ಬಿಟ್ಟು ಅದನ್ನ ಹುಡಿಕ್ಯಾಡಾಕ ಹೋದ."

ಗಿರಮಲ್ಲಪ್ಪ ಹೌಹಾರಿದ. "ತೊಂಬತ್ತೊಂಬತ್ತು ಬಿಟ್ಟು? ಅಡವಿಯಾಗ? ತೋಳ ಬಂದ್ರ? ಯಾರನ್ನ ನಿಲ್ಲಿಸಿ ಹೋದ? ನಾಯಿ ಇದ್ದುವೇನು?"

ಸ್ನೇಹಾ ಹುಟ್ಟಿದಾಗಿನಿಂದ ಕೇಳಿದ ಬೈಬಲಿನ ಕತೆ. ಈ ಪ್ರಶ್ನೆ ಅಲ್ಲಿ ಇದೆಯೆಂದೇ ಅವಳಿಗೆ ಗೊತ್ತಿರಲಿಲ್ಲ.

"ಇದ್ದಿರಬೇಕ್ರಿ" ಎಂದ ಪರಮೇಶ ಹೊಸ್ತಿಲಿಂದ. "ತಿಮ್ಮಾಪುರದ್ದು."

ಸಿದ್ದಕ್ಕ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. ಹೊರಗೆ ಅಂಗಳದಲ್ಲಿ ಮುಖ ತಿರುಗಿಸಿ ಕೂತಿದ್ದ ಕಸ್ತೂರೆವ್ವನ ಬೆನ್ನು ಕೂಡ ಒಂದು ಸಲ ಅಲುಗಿತು. ಮುದುಕ ಮಾತ್ರ ನಗಲಿಲ್ಲ. ಆ ಕುರಿ ಅವನದೇ ಎಂಬಂತೆ ಲೆಕ್ಕ ಹಾಕುತ್ತ ಕೂತ. ಬಿಸಿಲು ಕಟ್ಟೆ ಹತ್ತಿ ಮಗ್ಗದ ಕಾಲಿಗೆ ಬಂತು. ರೊಟ್ಟಿ, ಪುಂಡಿಪಲ್ಲೆ, ಗಟ್ಟಿ ಮೊಸರು ಉಂಡಾಯಿತು. ಮತ್ತೆ ಸುರುವಾಯಿತು. ಅರ್ಧ ಹಾಸು ಮುಗಿಯುವ ಹೊತ್ತಿಗೆ ಕಸ್ತೂರೆವ್ವ ಒಳಗೆ ಬಂದು, ಬಗ್ಗಿ ನೋಡಿ, ಹಲ್ಲು ಕಚ್ಚಿದಳು.

"ಏನ ಗಂಟಬೇ ಇವು, ಬೋರಿಹಣ್ಣಿನಷ್ಟು ಬಿದ್ದಾವು. ಬನಹಟ್ಟಿ ಹೆಸರು ಕಳಿಯಾಕತ್ತಿ. ಸರಿ ಅತ್ತಾಗ." ಸ್ನೇಹಾಳನ್ನು ಮೊಣಕೈಯಿಂದ ತಳ್ಳಿ ಪಕ್ಕಕ್ಕೆ ಕೂತಳು. ಆಮೇಲೆ ಇಬ್ಬರೂ ಒಂದೊಂದು ಕಡೆಯಿಂದ ನಡುವಿನತ್ತ ಕೂಡಿಸುತ್ತ ಬಂದರು.

ಕೊನೆಯ ಎಳೆಯನ್ನು ಸಿದ್ದಕ್ಕನ ಬೆರಳಿಗೆ ಕೊಟ್ಟರು. ಅವಳು ಅದನ್ನು ಮುಟ್ಟಿ ಮುಟ್ಟಿ ಕಟ್ಟಿದಳು.

ಗಿರಮಲ್ಲಪ್ಪ ಎಡಗೈ ಹೆಬ್ಬೆರಳನ್ನು ಗಂಟುಗಳ ಸಾಲಿನ ಮೇಲೆ ಈ ತುದಿಯಿಂದ ಆ ತುದಿಗೆ ಎಳೆದ. ಜಗ್ಗಿದ. ಒಂದೂ ಬಿಚ್ಚಲಿಲ್ಲ. ಆಗ, ಯಾರೂ ಏನೂ ಕೇಳದಿದ್ದರೂ, "ಆಂವ ಬಿಟ್ಟು ಹೋಗಿರಬೇಕು ತಗೊ" ಎಂದ. "ತಪ್ಪಿದ ಕುರಿ ಒದರೂದು ಕಿವಿಗೆ ಬಿತ್ತಂದ್ರ ಕುಂಡ್ರಾಕ ಆಗಂಗಿಲ್ಲ. ನಾನೂ ಹೋಗಿದ್ದೆ ಒಂದ ಸಲ. ಈಕಿ ಬೈದ್ಲು."

"ಇನ್ನೂ ಬೈತೇನಿ" ಎಂದಳು ಸಿದ್ದಕ್ಕ.

ಟಂಟಂ ಹೊರಟಾಗ ಹೊತ್ತು ಇಳಿದಿತ್ತು. ಕಟ್ಟೆಯ ಮೇಲೆ ಲಗಮಣ್ಣ ಬೇರೆ ಕಡೆ ನೋಡುತ್ತ ಕೈ ಅರ್ಧ ಎತ್ತಿದ. ಸ್ನೇಹಾ ಪುಸ್ತಕ ಮಡಿಲಲ್ಲಿಟ್ಟು ಬೆರಳು ಮೂಸಿದಳು. ಹುಣಸೆಬೀಜದ ಗಂಜಿ, ಉಣ್ಣೆ, ಮೊಸರು.

"ಭಾನುವಾರ ಏನಂತ ಹೇಳ್ತಿ?" ಎಂದ ಪರಮೇಶ ಕನ್ನಡಿಯಲ್ಲಿ.

"ನಾಯಿ ಇದ್ದುವೋ ಇಲ್ಲೋ ಅಂತ ಅಯ್ಯನವ್ರನ್ನ ಕೇಳತೇನಿ" ಎಂದಳು ಅವಳು. ಹೇಳಿದ ಮೇಲೆ, ತನಗೆ ಬೆಳಗಿನ ಅಂಜಿಕೆ ಇಲ್ಲವೆಂಬುದು ಗೊತ್ತಾಯಿತು.

ಕವಲಿನ ಬೇವಿನ ಮರ ದೂರದಿಂದ ಕಂಡಿತು. ಅದರ ಕೆಳಗೆ ಯಾರೋ ತಲೆಯ ಮೇಲೆ ಬುಟ್ಟಿ ಹೊತ್ತು ನಿಂತಿದ್ದರು. ಗಂಡಸೋ ಹೆಂಗಸೋ ಆ ಬೆಳಕಿನಲ್ಲಿ ತಿಳಿಯಲಿಲ್ಲ. ಒಂದು ಕೈ ಮೇಲೆ ಹೋಯಿತು. ಪರಮೇಶ ತಾನಾಗಿಯೇ ವೇಗ ಇಳಿಸಿದ. ಕಸ್ತೂರೆವ್ವ ಸೆರಗು ಒಟ್ಟು ಮಾಡಿಕೊಂಡು, ಸೀಟಿನ ಮೇಲೆ ಒಂದು ಮೊಳ ಒಳಗೆ ಸರಿದಳು.